ಆಪಾನ ಶ್ರದ್ಧಾಂಜಲಿ ಸಭೆಯ ವಂದನಾರ್ಪಣೆ

ನಮ್ಮ ಸ್ಟಾಫ್ ರೂಮಿಗೆ ಹನ್ನೊಂದರ ಸುಮಾರಿಗೆ ಚಹಾ ಬರುತ್ತದೆ. ಹೋದ ವರ್ಷದಿಂದ ಆ ಹೊತ್ತಿಗೆ ನನಗೊಂದು ಪೇಚು. ಒಂದು ಪೂರ್ತಿ ಕಪ್ ಚಹಾವನ್ನು ಒಬ್ಬಳೇ ಕುಡಿದು ಮುಗಿಸುವುದು ಹೇಗೆಂದು ನನಗೆ ತಿಳಿಯುವುದಿಲ್ಲ. ನಗಬೇಡಿ. ನೌಕರಿಗೆ ಸೇರಿದಾಗಿನಿಂದ ನಾನು ಕುಡಿದದ್ದು ಅರ್ಧ ಕಪ್ಪೇ. ಉಳಿದರ್ಧ ಆಪಾನದು. ಚಹಾ ಅರ್ಧ ಮಾಡಿ ಎಂದು ಡಾಕ್ಟರು ಆಕೆಗೆ ಹೇಳಿದ್ದರು. ಆಪಾ ಡಾಕ್ಟರ ಮಾತನ್ನು ಎಂದೂ ಮೀರಲಿಲ್ಲ. ನನ್ನ ಜೊತೆ ಅರ್ಧ, ಡ್ರಾಯಿಂಗ್ ಸರ್ ಜೊತೆ ಅರ್ಧ, ಹಿಂದಿ ಟೀಚರ್ ಜೊತೆ ಅರ್ಧ, ಹೀಗೆ ಬರೀ ಅರ್ಧವನ್ನೇ ಕುಡಿಯುತ್ತಿದ್ದಳು. ನಾನೊಮ್ಮೆ ಬಾಯಿ ತೆರೆದಾಗ, “ಲೆಕ್ಕದ ಟೀಚರ್ ನಾ ಇದ್ದೇನಿ ಸುಮಾ, ನೀ ಕೂಡಸಾಕ ಹೋಗಬ್ಯಾಡ,” ಎಂದಿದ್ದಳು.

ಆಪಾ ಅಂದರೆ ಅಕ್ಕ. ಹೆಸರು ಜುಬೇದಾ ಬೇಪಾರಿ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಲಿಂಗಪೂಜೆ ಮುಗಿಸದೆ ಹನಿ ನೀರೂ ಬಾಯಿಗೆ ಹಾಕದ ನಮ್ಮ ಹೆಡ್ ಸರ್‌ನಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಆಕೆ ಆಪಾನೇ. ನಾನು ಅದೇ ಸಾಲಿಯ ಕನ್ನಡ ಟೀಚರ್ ಸುಮಂಗಲಾ.

ನಾನು ಕನ್ನಡ ಟೀಚರ್ ಆದದ್ದು ಭಾಷಾಭಿಮಾನದಿಂದಲ್ಲ, ಗಣಿತದ ಭಯದಿಂದ. ಧಾರವಾಡದ ನಮ್ಮ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಪಡಸಾಲೆಯಲ್ಲಿ ಕೂಡಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು. ಹತ್ತರ ಮಗ್ಗಿಯ ತನಕ ನಾನು ಶೂರಳು. ಹದಿಮೂರರ ಮಗ್ಗಿ ಶುರುವಾಯಿತೆಂದರೆ ನನಗೆ ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಹೋದವಳು ಊಟದ ಹೊತ್ತಿಗೇ ಹೊರಗೆ ಬರುವುದು. ಅಪ್ಪ ಪಾಪ, ಹುಡುಗಿಯ ಹೊಟ್ಟೆ ಸರಿ ಇಲ್ಲವೆಂದು ಅದೆಷ್ಟು ಅಜವಾನದ ಕಷಾಯ ಕುಡಿಸಿದರೋ! ಹದಿಮೂರರ ಮಗ್ಗಿ ನನಗೆ ಇಂದಿಗೂ ಬಾರದು. ಅಜವಾನದ ವಾಸನೆ ಬಂದರೆ ಮಾತ್ರ ಈಗಲೂ ಗುಣಾಕಾರ ನೆನಪಾಗುತ್ತದೆ.

ಇರಲಿ, ಆಪಾನ ಮಾತಿಗೆ ಬರುತ್ತೇನೆ. ಆಕೆಯ ಗಂಡ ರಫೀಕ್ ಭಾಯ್‌ಗೆ ಗೋಕುಲ ರಸ್ತೆಯಲ್ಲಿ ಸ್ಕೂಟರ್ ಗ್ಯಾರೇಜು. ಬಹಳ ಮೆತ್ತಗಿನ ಮನುಷ್ಯ. ಮನೆಯ ಮಾತೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಅವರ ಪಾಲಿಗೆ ಉಳಿಯುತ್ತಿದ್ದದ್ದು ನಗು ಮಾತ್ರ. ರಿಪೇರಿಯಾದ ಗಾಡಿಯನ್ನು ಗಿರಾಕಿಗೆ ಕೊಡುವ ಮೊದಲು ಒಂದು ಸುತ್ತು ಓಡಿಸಿ ನೋಡಬೇಕಲ್ಲ, ಆ ಕೆಲಸ ಆಪಾನದು. ಹಾಗಾಗಿ ಆಕೆ ಇಂದು ಕೆಂಪು ಸ್ಕೂಟರಿನಲ್ಲಿ ಬಂದರೆ ನಾಳೆ ನೀಲಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಒಮ್ಮೆ ಒಬ್ಬ ಪಾಲಕರು ಗೇಟಿನಲ್ಲೇ ನಿಂತು ಕಣ್ಣು ಬಿಟ್ಟರು.

“ಟೀಚರ್, ಇದು ನಂದ ಗಾಡಿ ಅಲ್ಲೇನ್ರಿ?”

“ನಿಮ್ದರಿ. ಬ್ರೇಕ್ ಈಗ ಛಲೋ ಹಿಡಿಯಾಕತ್ತಾವು. ನಿಮ್ಮ ಮಗಂದು ಇನ್ನಾ ಹಿಡಿವಲ್ವು. ಒಳಗ ಬರ್ರಿ, ಅವಂದೂ ಸ್ವಲ್ಪ ನೋಡೂಣು.”

ಆಪಾನ ಬಾಯಿಗೆ ನಮ್ಮ ಚೇರ್ಮನ್ ಸಾಹೇಬರೂ ಹೆದರುತ್ತಿದ್ದರು. ಚೇರ್ಮನ್ನರದು ಹತ್ತಿ ವ್ಯಾಪಾರದ ದೊಡ್ಡ ಮನೆತನ. ದೇಶಪಾಂಡೆ ನಗರದಲ್ಲಿ ಬಂಗಲೆ. ಮನುಷ್ಯ ಕೆಟ್ಟವರಲ್ಲ. ಆದರೆ ತಾವು ಉದ್ಘಾಟಿಸದ ವಸ್ತು ಈ ಲೋಕದಲ್ಲಿ ಇದ್ದೂ ಇಲ್ಲದ ಹಾಗೆ ಎಂಬ ನಂಬಿಕೆ ಅವರದು. ಒಮ್ಮೆ ಸಾಲಿಯ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರು. ಏನು ಕೇಳಿದರೂ “ಎಲ್ಲಾ ಛಲೋ ಐತ್ರಿ” ಅನ್ನಬೇಕೆಂದು ಹೆಡ್ ಸರ್ ನಮಗೆಲ್ಲ ತಾಲೀಮು ಮಾಡಿಸಿದ್ದರು. ನಾನು ಕೇಳುವ ಮೊದಲೇ ಛಲೋ ಐತ್ರಿ ಅಂದುಬಿಟ್ಟೆ. ಆಪಾನ ಸರದಿ ಬಂದಾಗ, “ಹೆಣ್ಮಕ್ಕಳ ಪಾಯಿಖಾನಿ ಬಾಗಲಿಗೆ ಚಿಲಕ ಇಲ್ರಿ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗಲಾ ಹಿಡ್ಕೊಂಡ ನಿಂದರಬೇಕು. ಇಬ್ಬರದೂ ಕ್ಲಾಸ್ ತಪ್ಪತೈತಿ,” ಎಂದುಬಿಟ್ಟಳು.

ಇನ್‌ಸ್ಪೆಕ್ಟರ್ ಕೆಮ್ಮಿದರು. ಚೇರ್ಮನ್ನರು ಛಾವಣಿ ನೋಡಿದರು. ಚಿಲಕದ ವಿಷಯ ಮುಂದಿನ ಮೀಟಿಂಗಿನಲ್ಲಿ ಇಡಲಾಗುವುದು ಎಂದು ತೀರ್ಮಾನವಾಯಿತು. ಮರುದಿನ ಆಪಾ ಗಂಡನ ಗ್ಯಾರೇಜಿನಿಂದ ಸ್ಕ್ರೂ ಡ್ರೈವರ್, ದಾರಿಯಲ್ಲಿನ ಅಂಗಡಿಯಿಂದ ಚಿಲಕ ತಂದು ತಾನೇ ಜಡಿದಳು. ಮೀಟಿಂಗಿಗೆ ವಿಷಯವೇ ಇಲ್ಲವಾಯಿತಲ್ಲ ಎಂದು ಹೆಡ್ ಸರ್ ಗಾಬರಿಯಾಗಿ ಆಡಳಿತ ಮಂಡಳಿಗೆ ಫೋನು ಮಾಡಿದರು. ಆ ವಾರವೇ ಚೇರ್ಮನ್ನರು ಶಾಲು ಹೊದ್ದು ಬಂದು, ಪಾಯಿಖಾನೆಯ ಬಾಗಿಲಿಗೆ ಕಟ್ಟಿದ ರಿಬ್ಬನ್ ಕತ್ತರಿಸಿ, “ನವೀಕೃತ ಬಾಲಕಿಯರ ಶೌಚಾಲಯ”ವನ್ನು ನಾಡಿಗೆ ಅರ್ಪಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಆಪಾ.

“ನಿಮಗ ಸಿಟ್ಟ ಬರಲಿಲ್ಲೇನ್ರಿ ಆಪಾ?” ಅಂತ ನಾನು ಕೇಳಿದೆ.

“ಯಾಕ ಬರಬೇಕು? ಈಗ ಅದು ಚೇರ್ಮನ್ನರ ಚಿಲಕ. ಮುರದ್ರ ಅವರ ಮಾನ ಹೋಗತೈತಿ. ಇನ್ನ ನೂರ ವರ್ಷ ಅದು ಮುರ್ಯಾಂಗಿಲ್ಲ ನೋಡ.”

ಇಷ್ಟು ಹೇಳಿದ ಮೇಲೆ ನಮ್ಮ ಗೇಟಿನ ಬೋರ್ಡಿನ ವಿಷಯ ಹೇಳಲೇಬೇಕು. “ಹತ್ತನೇ ತರಗತಿಯಲ್ಲಿ ಸತತ ನೂರಕ್ಕೆ ನೂರು ಫಲಿತಾಂಶ” ಅಂತ ಆಳೆತ್ತರದ ಅಕ್ಷರಗಳಿದ್ದವು. ನೂರಕ್ಕೆ ನೂರು ಬರಿಸಲು ಎರಡು ದಾರಿ. ಒಂದು, ಎಲ್ಲ ಮಕ್ಕಳಿಗೂ ಕಲಿಸುವುದು. ಅದು ಬಹಳ ತ್ರಾಸಿನದು. ಇನ್ನೊಂದು, ನಪಾಸಾಗುವ ಮಕ್ಕಳನ್ನು ಒಂಬತ್ತನೆಯ ತರಗತಿ ಮುಗಿದ ಕೂಡಲೇ ಹೊರಗೆ ಕಳಿಸುವುದು. ತಂದೆತಾಯಿಯನ್ನು ಕರೆಸಿ, ಕುರ್ಚಿ ಕೊಟ್ಟು, “ನಿಮ್ಮ ಮಗೂಗ ನಮ್ಮ ಸಾಲಿ ಭಾರ ಆಗಾಕತ್ತೈತ್ರಿ. ಬ್ಯಾರೆ ಕಡೆ ಹಾಕ್ರಿ, ಅದಕ್ಕೂ ಹಗೂರ ಆಗತೈತಿ,” ಎಂದು ಬಹಳ ಪ್ರೀತಿಯಿಂದ ಟಿ.ಸಿ. ಕೈಗೆ ಕೊಡುವುದು. ಬೋರ್ಡಿನ ಬಣ್ಣ ಮಾಸದಂತೆ ಕಾಯುವ ವಿದ್ಯೆ ಇದು.

ಪ್ರತಿ ಜೂನ್‌ನಲ್ಲಿ ಹೀಗೆ ಹತ್ತು ಹನ್ನೆರಡು ಮಕ್ಕಳ ಟಿ.ಸಿ. ಹೆಡ್ ಸರ್ ಮೇಜಿನ ಮೇಲೆ ತಯಾರಾಗುತ್ತಿತ್ತು. ಪ್ರತಿ ಜೂನ್‌ನಲ್ಲಿ ಆಪಾ ಒಳಗೆ ಹೋಗಿ ಅದರ ಮೇಲೆ ತನ್ನ ಊಟದ ಡಬ್ಬಿ ಇಟ್ಟು ಎದುರಿನ ಕುರ್ಚಿಯಲ್ಲಿ ಕೂಡುತ್ತಿದ್ದಳು.

“ಆಪಾ, ಸ್ವಲ್ಪ ತಿಳಕೋರಿ. ಬೋರ್ಡ್ ಏನ್ ಆಗಬೇಕ್ರಿ?” ಅಂತ ಹೆಡ್ ಸರ್.

“ಬೋರ್ಡಿಗೆ ಏನೂ ಆಗಂಗಿಲ್ರಿ ಸರ್, ಅದು ಕಬ್ಬಿಣದ್ದೈತಿ. ಇವು ಹುಡುಗ್ರು. ಇವನ್ನ ನನಗ ಕೊಡ್ರಿ.”

ಆ ಮಕ್ಕಳನ್ನು ಸಾಲಿ ಬಿಟ್ಟ ಮೇಲೂ ಕೂಡಿಸಿಕೊಂಡು, ಬೈದು, ಮುದ್ದು ಮಾಡಿ, ಮಂಡಕ್ಕಿ ತಿನ್ನಿಸಿ ಹೇಗೋ ಪಾಸು ಮಾಡಿಸುತ್ತಿದ್ದಳು. ಬೋರ್ಡು ಉಳಿಯುತ್ತಿತ್ತು. ಫಲಿತಾಂಶದ ದಿನ ಪೇಪರಿನಲ್ಲಿ ಫೋಟೋ ಬರುತ್ತಿದ್ದದ್ದು ಚೇರ್ಮನ್ನರದು. ಇಷ್ಟು ವರ್ಷ ಆಪಾ ಹೆಡ್ ಸರ್ ಕೋಣೆಗೆ ಹೋದಾಗಲೆಲ್ಲ ನಾನೂ ಜೊತೆಗೆ ಹೋಗುತ್ತಿದ್ದೆ. ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಬೆಂಬಲ ಅಂತೂ ಇತ್ತು, ಸ್ವಲ್ಪ ದೂರದಿಂದ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಆಪಾಗೆ ಎದೆ ಹಿಡಿದಂತಾಯಿತು. ಗ್ಯಾಸ್ ಎಂದು ಸೋಡಾ ಕುಡಿದಳಂತೆ. ರಫೀಕ್ ಭಾಯ್ ಗ್ಯಾರೇಜಿನಿಂದ ಓಡಿ ಬಂದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ನಮಗೆ ತಲುಪಿದ್ದು ವಾಟ್ಸಾಪ್ ಗ್ರೂಪಿನಲ್ಲಿ, ಒಂದು ಗುಲಾಬಿ ಹೂವಿನ ಶುಭೋದಯಕ್ಕೂ ಬೇಸಿಗೆಯಲ್ಲಿ ಸೌತೆಕಾಯಿ ತಿನ್ನುವುದರ ಲಾಭಗಳಿಗೂ ನಡುವೆ. ಡ್ರಾಯಿಂಗ್ ಸರ್ ಎಲ್ಲದಕ್ಕೂ ಮೆಚ್ಚುಗೆಯ ಹೆಬ್ಬೆರಳು ಒತ್ತುವವರು, ಅದಕ್ಕೂ ಒತ್ತಿದರು. ಆಮೇಲೆ ಗಾಬರಿಯಾಗಿ ಅಳಿಸಲು ಹೋಗಿ ಕೇಕಿನ ಚಿತ್ರ ಕಳಿಸಿದರು. ಆಮೇಲೆ ಫೋನ್ ಮಾಡಿ ಹೋ ಅಂತ ಅತ್ತರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೀಗಾಯಿತೆಂದು ಹೇಳಿದ್ದರೆ ಆಪಾ ಒಂದು ವಾರ ನಗುತ್ತಿದ್ದಳು. ಯಾರಿಗೆ ಹೇಳುವುದು?

ಸಾಲಿ ಶುರುವಾದ ಮೇಲೆ ಶ್ರದ್ಧಾಂಜಲಿ ಸಭೆ ಎಂದಾಯಿತು. ಪಾಲಕರ ಸಭೆಯೂ ಆ ವಾರವೇ ಇತ್ತು. ಎರಡು ಸಲ ಪೆಂಡಾಲು ಏಕೆಂದು ಎರಡನ್ನೂ ಕೂಡಿಸಿದರು. ಒಂದೇ ಫ್ಲೆಕ್ಸು. ಅದರಲ್ಲಿ ಚೇರ್ಮನ್ನರ ಮುಖ ಗಂಗಾಳದಷ್ಟು, ಆಪಾನ ಮುಖ ಬಟ್ಟಲಿನಷ್ಟು. ಬೇಪಾರಿ ಅನ್ನುವುದು ತಪ್ಪಿರಬೇಕೆಂದು ಫ್ಲೆಕ್ಸಿನವನು ತಿದ್ದಿ “ಶ್ರೀಮತಿ ಜುಬೇದಾ ವ್ಯಾಪಾರಿ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ” ಎಂದು ಹಾಕಿದ್ದ. ಎಲ್ಲ ಫ್ಲೆಕ್ಸಿಗೂ ಹಾಕುವ ರೂಢಿಯಂತೆ ಕೆಳಗೆ “ಶುಭ ಕೋರುವವರು: ಆಡಳಿತ ಮಂಡಳಿ” ಎಂದೂ ಇತ್ತು.

ಸಭೆಯ ಮುಂಚೆ ಹೆಡ್ ಸರ್ ನನ್ನನ್ನು ಕರೆದರು. ಅವರ ಮೇಜಿನ ಮೇಲೆ ಟಿ.ಸಿ.ಗಳಿದ್ದವು. ಈ ಸಲ ಮೇಲೆ ಡಬ್ಬಿ ಇರಲಿಲ್ಲ.

“ಸುಮಂಗಲಾ ಟೀಚರ್, ವಂದನಾರ್ಪಣಿ ನೀವು ಮಾಡ್ರಿ.”

“ಸರ್, ಶ್ರದ್ಧಾಂಜಲಿಗೆ ವಂದನಾರ್ಪಣೀರಿ?”

“ಪಾಲಕರ ಸಭಾನೂ ಐತೆಲ್ರಿ. ಚೇರ್ಮನ್ನರಿಗೆ ವಂದನಾ, ಫ್ಲೆಕ್ಸ್ ಕೊಡಿಸಿದವರಿಗೆ ವಂದನಾ, ಪೆಂಡಾಲಿನವರಿಗೆ ವಂದನಾ. ಮುಗಿಸಿಬಿಡ್ರಿ.”

ನನ್ನ ಕಣ್ಣು ಟಿ.ಸಿ.ಗಳ ಮೇಲೇ ಇತ್ತು. ಎಲ್ಲಕ್ಕಿಂತ ಮೇಲೆ ಸವಿತಾಳ ಹೆಸರು. ಗಣಿತ ಅಂದರೆ ನನ್ನ ಹಾಗೇ ಹೆದರಿ ಸಾಯುವ ಹುಡುಗಿ. “ಸರ್, ಇವು...” ಎಂದೆ. “ಸಭಾ ಮುಗದ ಮ್ಯಾಲ ಪಾಲಕರ ಕೈಯಾಗ ಕೊಟ್ಟಬಿಡೋದು. ಹೆಂಗೂ ಬಂದಿರ್ತಾರ,” ಅಂದರು. “ಆಗಲ್ರಿ ಸರ್,” ಎಂದೆ. ಒಳಗೆ ನಿಂತೂ ನಾನು ಬಾಗಿಲ ಹೊರಗೇ ಇದ್ದೆ.

ಸಭೆಯಲ್ಲಿ ರಫೀಕ್ ಭಾಯ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಹಿಂದೆ ಪಾಲಕರು, ಅವರ ಹಿಂದೆ ಮಕ್ಕಳು. ಚೇರ್ಮನ್ನರು ಎದ್ದು ನಿಂತು ಗದ್ಗದರಾದರು.

“ಜುಬೇದಾ ಟೀಚರ್ ಅತ್ಯಂತ ಮೃದು ಸ್ವಭಾವದವರು. ಅವರ ಧ್ವನಿಯನ್ನು ಸಂಸ್ಥೆಯಲ್ಲಿ ಯಾರೂ ಕೇಳಿದವರಿಲ್ಲ. ಎಂದೂ ಎದುರು ಮಾತಾಡಿದವರಲ್ಲ. ಹಿರಿಯರು ಹಾಕಿದ ಗೆರೆ ದಾಟಿದವರಲ್ಲ.”

ಆಮೇಲೆ ಹೆಡ್ ಸರ್, ಆಕೆ ಕರ್ಪೂರದಂತೆ ಉರಿದರು ಎಂದರು. ಹಿಂದಿ ಟೀಚರ್, ಆಕೆ ಮೌನದ ಮೂರ್ತಿ ಎಂದರು. ರಫೀಕ್ ಭಾಯ್ ಬಹಳ ಹೊತ್ತು ಕೇಳಿಸಿಕೊಂಡು ನನ್ನ ಕಡೆ ಬಾಗಿದರು.

“ಬಾಯಾರ, ಇವ್ರು ಯಾರ ಸುದ್ದಿ ಹೇಳಾಕತ್ತಾರ್ರಿ?”

“ಆಪಾಂದರಿ.”

“ಹೌದ್ರಿ? ನಾ ಬ್ಯಾರೆ ಯಾರರ ತೀರಿಕೊಂಡಾರೇನೋ ಅಂತ ಮಾಡಿದ್ದೆ,” ಎಂದರು. ತಮಾಷೆಗೆ ಹೇಳಿದ್ದಲ್ಲ. ಅವರ ಮುಖ ಸಣ್ಣದಾಗಿತ್ತು. ಹೆಂಡತಿಯನ್ನು ಎರಡನೆಯ ಸಲ ಮಣ್ಣು ಮಾಡುತ್ತಿದ್ದಾರೆ ಅನ್ನುವ ಹಾಗೆ ಕೂತಿದ್ದರು.

ನನ್ನ ಹೆಸರು ಕರೆದರು. ಮೈಕಿನ ಎದುರು ನಿಂತೆ. ಹದಿಮೂರರ ಮಗ್ಗಿ ಹೇಳೆಂದು ನಿಲ್ಲಿಸಿದ ಹಾಗಿತ್ತು. ಪೆಂಡಾಲಿನವರಿಗೆ ವಂದಿಸಿದೆ. ಫ್ಲೆಕ್ಸಿನವರಿಗೆ ವಂದಿಸಿದೆ. ಚೇರ್ಮನ್ನರ ಕಡೆ ತಿರುಗಿದಾಗ ಅವರು ಕೈ ಜೋಡಿಸಿ, ಹೊಗಳಿಕೆಗೆ ತಲೆ ಒಂದಿಷ್ಟು ಬಾಗಿಸಿ, ತಯಾರಾಗಿ ಕೂತಿದ್ದರು. ಆ ಮುಖ ನೋಡಿದೊಡನೆ ನನಗೆ ಪಾಯಿಖಾನೆ ಬಾಗಿಲ ರಿಬ್ಬನ್ ನೆನಪಾಯಿತು. ಮುಂದಿನ ಮಾತು ನನ್ನ ಬಾಯಿಂದ ಹೇಗೆ ಹೊರಟಿತೋ ದೇವರೇ ಬಲ್ಲ.

“ಕೊನೆಯದಾಗಿ, ಎಲ್ಲಕ್ಕಿಂತ ದೊಡ್ಡ ವಂದನೆ ಮಾನ್ಯ ಚೇರ್ಮನ್ ಸಾಹೇಬರಿಗೆ. ಜುಬೇದಾ ಟೀಚರ್ ನೆನಪಿಗಾಗಿ, ಇನ್ನು ಮುಂದೆ ಒಂಬತ್ತನೇ ತರಗತಿಯ ಒಂದು ಮಗುವನ್ನೂ, ಎಷ್ಟೇ ಕಡಿಮೆ ಅಂಕ ಬಂದಿರಲಿ, ಶಾಲೆಯಿಂದ ಕಳಿಸುವುದಿಲ್ಲ ಎಂದು ಅವರು ನಿರ್ಧರಿಸಿದ್ದಾರೆ. ಇಂಥ ದೊಡ್ಡ ಮನಸ್ಸು ಹುಬ್ಬಳ್ಳಿ-ಧಾರವಾಡದಾಗ ಯಾರಿಗೂ ಇಲ್ಲ. ಎಲ್ಲಾರೂ ಜೋರಾಗಿ ಚಪ್ಪಾಳಿ ತಟ್ಟಬೇಕು.”

ಹೆಡ್ ಸರ್ ಕೈಯಲ್ಲಿನ ಹೂವಿನ ಹಾರ ಜಾರಿತು. ಚೇರ್ಮನ್ನರ ಜೋಡಿಸಿದ ಕೈ ಜೋಡಿಸಿದ ಹಾಗೇ ಇತ್ತು. ಆಮೇಲೆ ಹಿಂದಿನಿಂದ ಸವಿತಾಳ ತಾಯಿ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಪಾಲಕರೆಲ್ಲ. ಆಮೇಲೆ ಮಕ್ಕಳು ಸಿಳ್ಳೆ ಹೊಡೆದರು. ಶ್ರದ್ಧಾಂಜಲಿ ಸಭೆಯಲ್ಲಿ ಸಿಳ್ಳೆ! ಒಬ್ಬ ಪಾಲಕರಂತೂ ವೇದಿಕೆ ಹತ್ತಿ, ಹೆಡ್ ಸರ್ ಕೈಯಿಂದ ಜಾರಿದ ಹಾರವನ್ನೇ ಎತ್ತಿ ಚೇರ್ಮನ್ನರಿಗೆ ಹಾಕಿಬಿಟ್ಟರು. ಅದು ಆಪಾನ ಫೋಟೋಕ್ಕೆ ತಂದ ಹಾರ.

ಕೊರಳಿಗೆ ಹಾರ ಬಿದ್ದ ಮೇಲೆ ಚೇರ್ಮನ್ನರು ಏನು ಮಾಡಿಯಾರು? ಮೈಕು ತೆಗೆದುಕೊಂಡು, “ಹೌದು, ಇದು ನನ್ನ ಬಹುದಿನದ ಕನಸು,” ಎಂದರು. ರಫೀಕ್ ಭಾಯ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಜನ ನೀರು ತಂದುಕೊಟ್ಟರು. ನನಗೆ ಮಾತ್ರ ಗೊತ್ತು, ಅವರು ನಗುತ್ತಿದ್ದರು. ಎರಡೂ ಇತ್ತೋ ಏನೋ.

ಮರುದಿನ ಹೆಡ್ ಸರ್ ನನ್ನನ್ನು ಕರೆದು, “ನೀವ ಇಟ್ಕೊಂಡೀರಿ, ನೀವ ಕಲಸ್ರಿ. ಸಂಜೀ ಗಣಿತದ ಕ್ಲಾಸು ನಿಮ್ದು,” ಎಂದರು. ದೇವರಿಗೂ ತಮಾಷೆ ಗೊತ್ತೆಂದು ಅಂದೇ ನಂಬಿದೆ. ಹಗಲೆಲ್ಲ ಕನ್ನಡ ಕಲಿಸಿ, ಮನೆಗೆ ಹೋಗಿ ಮೊಬೈಲಿನಲ್ಲಿ ಬೀಜಗಣಿತದ ವಿಡಿಯೋ ನೋಡಿ, ಮರುದಿನ ಸಂಜೆ ಅದನ್ನೇ ಹಲಗೆಯ ಮೇಲೆ ಬರೆಯುತ್ತಿದ್ದೆ. ಮೊದಲ ವಾರವೇ ಸವಿತಾ ಕೈ ಎತ್ತಿದಳು.

“ಟೀಚರ್, ಈ ಕಡೆ ದಾಟಿದ ಮ್ಯಾಲ ಮೈನಸ್ ಆಗಬೇಕಲ್ರಿ?”

“ಹೌದೇನು?”

“ಹೌದ್ರಿ. ಹೀಂಗ ಬರದಿದ್ರ ಆಪಾ ಟೀಚರ್ ಕಿವಿ ಹಿಂಡತಿದ್ರು.”

ಮಕ್ಕಳೆಲ್ಲ ನನ್ನ ಕಿವಿಯನ್ನೇ ನೋಡಿದರು. ಅಂದಿನಿಂದ ಅವರ ಭಯ ಹೋಯಿತು. ತಮಗಿಂತ ದಡ್ಡ ಟೀಚರ್ ಸಿಕ್ಕಳೆಂಬ ಧೈರ್ಯ ಸಣ್ಣದಲ್ಲ. ನನಗೆ ತಪ್ಪುಗಳು ಬರುತ್ತ ಹೋದವು, ಅವರಿಗೆ ಲೆಕ್ಕ ಬರುತ್ತ ಹೋಯಿತು.

ಈ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಆ ಮಕ್ಕಳೆಲ್ಲ ಪಾಸು. ಒಬ್ಬನೇ ಹುಡುಗ ನಪಾಸು. ಕನ್ನಡದಲ್ಲಿ. ನನ್ನ ವಿಷಯದಲ್ಲಿ! ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಮ್ಮೆಲೇ ಕಿಟಕಿಯ ಹೊರಗೆ ನೋಡಿದರು, ಅಷ್ಟೆ. ಹುಡುಗ ಮರುಪರೀಕ್ಷೆ ಕಟ್ಟಿದ್ದಾನೆ. ಈಗ ದಿನಾ ನಮ್ಮ ಮನೆಗೇ ಬರುತ್ತಾನೆ.

ನೂರಕ್ಕೆ ನೂರರ ಬೋರ್ಡು ಇಳಿಯಿತು. ಹೊಸದು ಬಂತು: “ಪ್ರತಿ ಮಗುವೂ ನಮ್ಮದೇ.” ಅದನ್ನು ಯಾರು ಅನಾವರಣ ಮಾಡಿದರೆಂದು ಹೇಳಬೇಕಿಲ್ಲ. ಚೇರ್ಮನ್ನರು ಅಂದು ಮುಕ್ಕಾಲು ತಾಸು ಮಾತಾಡಿದರು. ದುರ್ಬಲ ಮಕ್ಕಳ ಬಗ್ಗೆ ಮೊದಲಿಂದಲೂ ತಮ್ಮ ಕರುಳು ಹೇಗೆ ಮಿಡಿಯುತ್ತಿತ್ತು, ಜುಬೇದಾ ಟೀಚರಿಗೆ ಆ ದಾರಿಯನ್ನು ತಾವೇ ಹೇಗೆ ತೋರಿಸಿದರು ಎಂದು ವಿವರಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ನಂಬಿದ್ದರು. ಇನ್ನು ಅವರೇ ಮನಸ್ಸು ಮಾಡಿದರೂ ಒಂದು ಮಗುವನ್ನೂ ಹೊರಹಾಕಲು ಅವರಿಂದಾಗದು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಅಂದು ಸಂಜೆ ನೆಟ್ಟಗೆ ಗೋಕುಲ ರಸ್ತೆಗೆ ಹೋದೆ. ಈ ಕಥೆಯನ್ನು ಹೇಳಬೇಕಾದವಳು ಇರಲಿಲ್ಲ. ಅವಳ ಗಂಡನಿಗಾದರೂ ಹೇಳೋಣ ಎಂದುಕೊಂಡೆ. ರಫೀಕ್ ಭಾಯ್ ಒಂದು ಸ್ಕೂಟರಿನ ಹೊಟ್ಟೆ ಬಿಚ್ಚಿ ಕೂತಿದ್ದರು. ಗ್ರೀಸ್ ಒರೆಸಿಕೊಂಡು ನನಗೆ ಸ್ಟೂಲು ಕೊಟ್ಟು, ಬೋರ್ಡಿನಿಂದ ಭಾಷಣದವರೆಗೆ ಎಲ್ಲ ಕೇಳಿದರು. ಕನ್ನಡದಲ್ಲಿ ನಪಾಸಾದ ಹುಡುಗನ ಮಾತಿಗೆ ಬಂದಾಗ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಹೇಳಿದರು:

“ಬಾಯಾರ, ಆಕಿ ಈಗ ಇದ್ದಿದ್ರ ನಿಮ್ಮನ್ನ ಬೈತಿದ್ಲ್ರಿ.”

“ಯಾಕ್ರಿ ಭಾಯ್?”

“‘ನಾ ಇರೂತನಾ ಬಾಗಲಾ ಹಿಡ್ಕೊಂಡ ನಿಂತಿದ್ಲು, ನಾ ಹೋದ ಮ್ಯಾಲ ಬಾಯಿ ಬಂತೇನ್ ಇಕಿಗೆ’ ಅಂತ.”

ಅಷ್ಟಂದು ಸ್ಕೂಟರಿನ ಕಡೆ ತಿರುಗಿದರು. ಒಂದು ವರ್ಷದಿಂದ ಸಭೆಯಲ್ಲೂ ಸ್ಟಾಫ್ ರೂಮಿನಲ್ಲೂ ಬಾರದ ಅಳು ನನಗೆ ಆ ಸ್ಟೂಲಿನ ಮೇಲೆ ಬಂತು. ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ರಸ್ತೆಯ ಅಂಚಿನಲ್ಲಿ ಕೂತು ಅತ್ತೆ. ತನ್ನ ಗಾಡಿ ಒಯ್ಯಲು ಬಂದ ಗಿರಾಕಿಯೊಬ್ಬ, ಯಾರೋ ಪರಿಚಯವಿಲ್ಲದ ಹಿರಿಯ ಮನುಷ್ಯ, ನನ್ನನ್ನೂ ಬಿಚ್ಚಿಬಿದ್ದಿದ್ದ ಸ್ಕೂಟರನ್ನೂ ನೋಡಿದ. ಕನಿಕರದಿಂದ ಹತ್ತಿರ ಬಂದ.

“ಅಳಬ್ಯಾಡ್ರಿ ಬಾಯಾರ,” ಅಂದ. “ರಫೀಕ್ ಭಾಯ್ ಕೈಯಾಗ ಕೊಟ್ಟೀರಿ. ಎಂಥಾ ಗಾಡಿ ನಿಂತಿದ್ರೂ ಅಂವಾ ಚಾಲೂ ಮಾಡಿ ಕೊಡ್ತಾನ.”